ಎರಡು ಯಂತ್ರ, ಏಳು ಜನರ ಮುಸುರೆ

ಆ ಹಾಳೆ ಈಗ ನನ್ನ ಬಳಿ ಇಲ್ಲ. ಇದ್ದಿದ್ದರೆ ಅದನ್ನೇ ಇಲ್ಲಿ ಅಂಟಿಸಿ ಸುಮ್ಮನಾಗುತ್ತಿದ್ದೆ. ಡ್ರಾಯಿಂಗ್ ಆಫೀಸಿನ ದಪ್ಪ ಹಾಳೆ. ಹಿಂಬದಿಯಲ್ಲಿ ಯಾವುದೋ ರದ್ದಾದ ಗೇರಿನ ನಕ್ಷೆ. ಮುಂಬದಿಯಲ್ಲಿ ಸ್ಕೇಲು ಹಿಡಿದು ಎಳೆದ ಎರಡು ಅಂಕಣ: ಎಡಕ್ಕೆ ಗುಂಡು ಮೆಷಿನ್ನು, ಬಲಕ್ಕೆ ಬೀರು ಮೆಷಿನ್ನು. ಎರಡೂ ಪಾತ್ರೆ ತೊಳೆಯುವ ಯಂತ್ರಗಳು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ನಲ್ಲಿಯೂ ಇಲ್ಲದ ದೊಡ್ಡಬಳ್ಳಾಪುರದ ಮನೆಯಲ್ಲಿ ಕೂತು, ಈ ಎರಡರಲ್ಲಿ ಯಾವುದು ಮೇಲು ಎಂದು ಹದಿನಾಲ್ಕು ತಿಂಗಳು ತೂಗಿ ನೋಡಿದ ಮನುಷ್ಯ ನಾನು.

ಹದಿನಾಲ್ಕು ಎಂದು ಬರೆದೆ. ನನ್ನ ಹೆಂಡತಿ ಹತ್ತು ಎನ್ನುತ್ತಾಳೆ. "ನಿಮ್ಮ ತಪ್ಪಾದ್ರೂ ಅಷ್ಟೇ, ಎಲ್ಲರ ತಪ್ಪಿಗಿಂತ ದೊಡ್ಡದಾಗಿರ್ಬೇಕು" ಎಂದು ನಗುತ್ತಾಳೆ. ಇರಬಹುದು. ಪಶ್ಚಾತ್ತಾಪಕ್ಕೂ ಒಂದು ಜಂಬವಿರುತ್ತದೆ, ಅದು ತಿಂಗಳುಗಳನ್ನು ಹಿಗ್ಗಿಸುತ್ತದೆ. ಹಾಗಾಗಿ ಓದುವವರು ಹತ್ತು ಮತ್ತು ಹದಿನಾಲ್ಕರ ನಡುವೆ ಎಲ್ಲಾದರೂ ನಿಲ್ಲಲಿ. ಹತ್ತೇ ಆದರೂ ಎರಡಕ್ಕಿಂತ ಹೆಚ್ಚು. ಎರಡು ಯಾಕೆ ಎಂದು ಹೇಳುತ್ತೇನೆ.

ಅವಳ ಕೈಯಿಂದ ಶುರುಮಾಡಬೇಕು. ಅವಳು ಮಗ್ಗದ ಮನೆಯ ಮಗಳು. ನಮ್ಮದು ಮಗ್ಗವಿಲ್ಲದ ಮನೆ. ತೀರಿಕೊಂಡ ಅಪ್ಪ ಮೇಷ್ಟ್ರಾಗಿದ್ದರು, ನಾನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಅವಳು ಮದುವೆಯಾಗಿ ಬರುವಾಗ ತಂದ ವಿದ್ಯೆ ಒಂದು: ಕೆಚ್ಚುವುದು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಬಿಚ್ಚುವುದಿಲ್ಲ. ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಇಟ್ಟು, ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ಕೂಡಿಸುತ್ತಾರೆ. ಗಂಟು ಹಾಕುವಂತಿಲ್ಲ, ಗಂಟು ಬಿದ್ದರೆ ಹಣಿಗೆಯ ಹಲ್ಲಿನಲ್ಲಿ ಸಿಕ್ಕಿಕೊಂಡು ಹರಿಯುತ್ತದೆ. ರೇಷ್ಮೆಯ ಎಳೆ, ಒಂದೊಂದು ಹಾಸಿನಲ್ಲೂ ಸಾವಿರಗಟ್ಟಲೆ. ಅದು ಕಣ್ಣಿನ ಕೆಲಸವೆಂದು ನಾನು ತಿಳಿದಿದ್ದೆ. ಅಲ್ಲ, ಬೆರಳ ತುದಿಯ ಕೆಲಸ. ಅವಳು ಪಕ್ಕದ ಬೀದಿಯಲ್ಲಿ ಯಾರ ಜೊತೆಗೋ ಮಾತಾಡುತ್ತ, ಕಿಟಕಿಯ ಕಡೆ ನೋಡುತ್ತ ಕೆಚ್ಚುತ್ತಿದ್ದಳಂತೆ. ನಾನು ಒಂದು ಸಲವೂ ಹೋಗಿ ನೋಡಲಿಲ್ಲ.

ಪಕ್ಕದ ಬೀದಿಯಲ್ಲಿ ಮೂರು ಮಗ್ಗವಿಟ್ಟಿದ್ದ ಯಜಮಾನರು ಅವಳನ್ನೇ ಕರೆಸುತ್ತಿದ್ದರು. ಹೊಸ ಹಾಸು ಬಂದ ದಿನ ಅವರ ಮನೆಯಿಂದ ಹೇಳಿ ಕಳಿಸಿದರೆ ಇವಳ ನಡಿಗೆಯೇ ಬೇರೆಯಾಗುತ್ತಿತ್ತು. ಅಮ್ಮನಿಗೆ ಅದು ಹಿಡಿಸುತ್ತಿರಲಿಲ್ಲ, ಆದರೆ ತಡೆಯಲಿಲ್ಲ. "ಮುಸುರೆ ಬಿಟ್ಟು ಹೋಗ್ಬೇಡ, ಅಷ್ಟೇ ನಾನು ಹೇಳೋದು" ಎನ್ನುತ್ತಿದ್ದಳು.

ಮುಸುರೆ ಎಂದರೆ ನಮ್ಮ ಮನೆಯಲ್ಲಿ ಏಳು ಜನರದ್ದು. ಅಮ್ಮ, ನಾವಿಬ್ಬರು, ನನ್ನ ಮೂವರು ತಮ್ಮಂದಿರು, ನಮ್ಮ ಮಗು. ಹಿತ್ತಲಿನ ಬಾವಿಯ ಪಕ್ಕ ಒಂದು ಚಪ್ಪಡಿ ಕಲ್ಲು. ದಿನಕ್ಕೆ ಎರಡು ಸಲ ಅದರ ಮೇಲೆ ತಟ್ಟೆ, ಕಂಚಿನ ಬಟ್ಟಲು, ಹಿತ್ತಾಳೆ ತಪ್ಪಲೆ, ಮಸಿ ಹಿಡಿದ ಅನ್ನದ ಪಾತ್ರೆ, ಎಲ್ಲಕ್ಕಿಂತ ಕೆಳಗೆ ನೀರು ತುಂಬಿ ನೆನೆಯಿಟ್ಟ ಮುದ್ದೆ ಪಾತ್ರೆ. ಬೂದಿ, ಹುಣಸೆಹಣ್ಣು, ತೆಂಗಿನ ನಾರು. ಅಮ್ಮನ ಮಂಡಿ ಹೋಗಿತ್ತು, ಕುಕ್ಕರುಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಹೊರಗಿನವರ ಕೈ ಪಾತ್ರೆಗೆ ಬೀಳುವುದು ಅವಳಿಗೆ ಒಪ್ಪಿಗೆಯಿಲ್ಲ. ಉಳಿದದ್ದು ಇವಳು.

ಮಗು ಹುಟ್ಟಿದ ಮಾರನೆಯ ವರ್ಷ ಇವಳ ಬೆರಳ ಸಂದಿಗಳು ಬಿರಿದವು. ಮೊದಲು ಚಳಿಗೆಂದುಕೊಂಡೆವು. ಬೇಸಿಗೆಯಲ್ಲೂ ಹೋಗಲಿಲ್ಲ. ಬೆರಳ ತುದಿಯ ಚರ್ಮ ಒರಟಾಗಿ ಸಿಪ್ಪೆ ಎದ್ದು, ಬಿರುಕಿನಲ್ಲಿ ಹುಣಸೆಹುಳಿ ಇಳಿದಾಗ ಅವಳು ಹಲ್ಲು ಕಚ್ಚುತ್ತಿದ್ದ ಸದ್ದು ಕೇಳಿಸುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಅವಳ ಕೈ ಹಿಡಿದುಕೊಂಡು, ನನ್ನ ಮುಖ ನೋಡಿ ಮಾತಾಡಿದರು.

"ಮುಲಾಮು ಕೊಡ್ತೀನಿ. ಆದರೆ ಎರಡು ತಿಂಗಳು ಕೈ ಒಣಗಿರ್ಬೇಕು. ನೀರು, ಬೂದಿ, ಹುಳಿ, ಮೂರೂ ಮುಟ್ಟಬಾರ್ದು. ಇಲ್ಲದಿದ್ರೆ ಬೆರಳ ತುದಿ ದಪ್ಪ ಕಟ್ಟಿಬಿಡುತ್ತೆ, ಆಮೇಲೆ ಏನ್ ಹಚ್ಚಿದ್ರೂ ಅಷ್ಟೇ."

ನಾನು ತಲೆಯಾಡಿಸಿದೆ. ವಾಪಸು ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಅವಳು ಕೇಳಿದಳು:

"ಎರಡು ತಿಂಗಳು ಅಂದ್ರೆ ಅರವತ್ತು ದಿವಸ, ಅಲ್ವೇನ್ರೀ?"

"ಹೂಂ."

ಆ ಪ್ರಶ್ನೆಯಲ್ಲಿ ಒಂದು ಕೋರಿಕೆಯಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಲೆಕ್ಕ ಕೇಳಿದಳೆಂದುಕೊಂಡು ಲೆಕ್ಕ ಒಪ್ಪಿದೆ.

ಅದೇ ವಾರ ಮಗ್ಗದ ಯಜಮಾನರು ಅವಳ ಬೆರಳು ನೋಡಿ ವಾಪಸು ಕಳಿಸಿದರು. ಒರಟು ಚರ್ಮಕ್ಕೆ ರೇಷ್ಮೆ ಕಚ್ಚಿಕೊಂಡು ಕಿತ್ತುಬರುತ್ತಿತ್ತು. "ಕೈ ಸರಿಮಾಡ್ಕೊಂಡ್ ಬಾರಮ್ಮ, ಮಗ್ಗ ಎಲ್ಲೂ ಓಡ್ಹೋಗಲ್ಲ" ಅಂದರಂತೆ.

ಹಾಗಾಗಿ ನಾನು ಏನಾದರೂ ಮಾಡಲೇಬೇಕಿತ್ತು. ಮಾಡಿದೆ ಕೂಡ. ಅದೇ ನನ್ನ ತೊಂದರೆ: ಏನೂ ಮಾಡದೆ ಕೂತವನಲ್ಲ ನಾನು.

ನಮ್ಮ ಕಾರ್ಖಾನೆಗೆ ಯಂತ್ರ ಕೂರಿಸಲು ಯುರೋಪಿನಿಂದ ಬಂದ ಇಂಜಿನಿಯರುಗಳು ಬೆಂಗಳೂರಿನ ಬಂಗಲೆಗಳಲ್ಲಿ ಸಂಸಾರ ಹೂಡಿದ್ದರು. ಹೋಗುವಾಗ ಫ್ರಿಜ್ಜು, ಸೋಫಾ, ಮಂಚ ಎಲ್ಲ ಮಾರಿ ಹೋಗುತ್ತಿದ್ದರು. ನನ್ನ ಪಕ್ಕದ ಬೋರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಹಿರಿಯ ಗೆಳೆಯ, ಬಾಯಿ ತೆರೆದರೆ ತಮಾಷೆ ಮಾಡುವ ಮನುಷ್ಯ, ಒಂದು ದಿನ ಪೆನ್ಸಿಲ್ ಚೂಪು ಮಾಡುತ್ತ ಹೇಳಿದ:

"ಗುರು, ಎರಡು ಬಂಗಲೇಲಿ ಪಾತ್ರೆ ತೊಳಿಯೋ ಮೆಷಿನ್ ಇದೆ. ಒಂದು ಈಗ್ಲೇ ಕೊಡ್ತಾರಂತೆ. ಇನ್ನೊಂದು ಅವ್ರು ದೇಶ ಬಿಡೋವಾಗ, ಬರೋ ವರ್ಷ. ನಿಂಗ್ಯಾವ್ದು ಬೇಕು?"

"ಪಾತ್ರೆ ತೊಳಿಯೋಕೆ ಮೆಷಿನ್ನಾ?"

"ಹೂಂ ಕಣೋ. ಉಣ್ಣೋಕೊಂದು ಬಂದ್ಬಿಟ್ರೆ ನಾವು ಆರಾಮಾಗಿ ಕೆಲಸ ಮಾಡ್ತಾನೇ ಇರ್ಬೋದು."

ಸಂಜೆಯೇ ಹೋಗಿ ನೋಡಿದೆ. ಬಂಗಲೆಯ ಅಡುಗೆಯವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ತಮಿಳು ಬೆರೆತ ಕನ್ನಡ, ಬಿಳಿ ಕೋಟು. ಎರಡನೆಯ ಬಂಗಲೆ ಅದೇ ರಸ್ತೆಯಲ್ಲಿತ್ತು; ಅಲ್ಲಿಗೂ ಅವರೇ ಕರೆದುಕೊಂಡು ಹೋದರು. ಮೊದಲನೆಯದು ಗುಂಡಗೆ, ಕೆಳಗೆ ಗಾಲಿ, ಮೇಲೆ ಮುಚ್ಚಳ. ಅಡುಗೆಮನೆಯ ನಲ್ಲಿಯವರೆಗೆ ತಳ್ಳಿಕೊಂಡು ಹೋಗಿ ರಬ್ಬರ್ ಪೈಪು ಸಿಕ್ಕಿಸಬೇಕು. ಎರಡನೆಯದಕ್ಕೆ ಬೀರುವಿನ ಹಾಗೆ ಮುಂದೆ ಬಾಗಿಲು, ಒಳಗೆ ಎಳೆಯುವ ಎರಡು ತಂತಿಬುಟ್ಟಿ. ಬಾಗಿಲು ಹಾಕಿ ಗುಂಡಿ ತಿರುಗಿಸಿದರೆ ಒಳಗೆ ಮಳೆ ಬಂದಂಥ ಸದ್ದು. ನಾನು ಅಲ್ಲೇ ನೆಲದಲ್ಲಿ ಕೂತು ಕಿವಿಗೊಟ್ಟು ಕೇಳಿದೆ. ಇವಳಿಗಾಗಿ ಕೇಳಿದೆ ಎಂದು ಬರೆಯಲು ಆಸೆ. ಯಂತ್ರದ ಸದ್ದು ಚೆನ್ನಾಗಿತ್ತು, ಅದಕ್ಕೆ ಕೇಳಿದೆ.

"ಇದು ಚೆನ್ನಾಗಿ ತೊಳೆಯತ್ತಾ?" ಎಂದು ಕೇಳಿದಾಗ ಅಡುಗೆಯವರು ಗಂಭೀರವಾಗಿ ಹೇಳಿದರು:

"ರೊಂಬ ಚೆನ್ನಾಗಿ ತೊಳಿಯತ್ತೆ ಸಾರ್. ಮೊದಲು ನಾನು ತೊಳೀತೀನಿ. ಆಮೇಲೆ ಅದು ತೊಳಿಯತ್ತೆ."

ಈ ಮಾತನ್ನು ನಾನು ಹಾಳೆಯಲ್ಲಿ ಬರೆದುಕೊಳ್ಳಲಿಲ್ಲ. ತಮಾಷೆ ಎಂದುಕೊಂಡೆ. ಬರೆದುಕೊಂಡದ್ದು ಬೇರೆ: ಎತ್ತರ, ಅಗಲ, ಎಷ್ಟು ತಟ್ಟೆ ಹಿಡಿಯುತ್ತದೆ, ಎಷ್ಟು ಹೊತ್ತು, ನೀರು ತಾನೇ ಕಾಯಿಸಿಕೊಳ್ಳುತ್ತದೋ ಇಲ್ಲವೋ, ಕರೆಂಟು ಹೋದರೆ ಮೊದಲಿನಿಂದ ಶುರುವೋ ನಿಂತಲ್ಲಿಂದಲೋ. ಬೆಲೆಯ ಮಾತು ಬಿಡುತ್ತೇನೆ, ಅಡ್ಡವಾದದ್ದು ಅದಲ್ಲ. ಗುಂಡು ಮೆಷಿನ್ನಿಗೆ ಗಾಲಿಯಿದೆ, ಹಿತ್ತಲಿಗೆ ತಳ್ಳಬಹುದು. ಬೀರುವಿಗೆ ಬುಟ್ಟಿ ದೊಡ್ಡದು, ತಪ್ಪಲೆ ಹಿಡಿಯುತ್ತದೆ. ಗುಂಡು ಈಗಲೇ ಸಿಗುತ್ತದೆ. ಬೀರು ಉತ್ತಮ, ಆದರೆ ಕಾಯಬೇಕು. ಎರಡು ಅಂಕಣ ಸರಿಸಮ ತೂಗುತ್ತಿದ್ದವು. ಹಾಗೆ ತೂಗುವಾಗ ಸಿಗುವ ಸುಖ ಇನ್ನು ಯಾವುದರಲ್ಲೂ ನನಗೆ ಸಿಕ್ಕಿಲ್ಲ.

ನೀರೆಷ್ಟು ಎಂಬುದು ತಿಳಿಯಬೇಕಿತ್ತು. ಯಂತ್ರಕ್ಕೆ ಬೇಕಾದ ನೀರಿನ ಪ್ರಮಾಣ ಅಡುಗೆಯವರು ಬಕೆಟ್ಟಿನಲ್ಲಿ ಹೇಳಿದ್ದರು. ನಮ್ಮ ಮನೆಯಲ್ಲಿ ಕೈಯಲ್ಲಿ ತೊಳೆಯಲು ಎಷ್ಟು ಬೇಕು? ಒಂದು ಭಾನುವಾರ ಬೆಳಗ್ಗೆ ಹಿತ್ತಲಲ್ಲಿ ಮಣೆ ಹಾಕಿಕೊಂಡು, ಗಡಿಯಾರ ಬಿಚ್ಚಿ ಎದುರಿಗಿಟ್ಟು, ನೋಟ್‌ಬುಕ್ಕು ತೆರೆದು ಕೂತೆ. ಇವಳು ಬೆರಳಿಗೆ ಹಳೆ ಸೀರೆಯ ಚಿಂದಿ ಸುತ್ತಿಕೊಂಡು ತಿಕ್ಕುತ್ತಿದ್ದಳು. ಚಿಂದಿ ಒದ್ದೆಯಾಗಿತ್ತು.

"ಏನ್ರೀ ಬರೀತಿದೀರಾ?"

"ಎಷ್ಟು ಕೊಡ ನೀರು ಹಿಡಿಯುತ್ತೆ ಅಂತ."

"ಎರಡು ಕೊಡ ಸೇದಿಕೊಟ್ರೆ ನಿಮಗೇ ಗೊತ್ತಾಗುತ್ತೆ."

ನಾನು ಎದ್ದೆ ಎಂದು ನೆನಪು. ಹಗ್ಗ ಹಿಡಿದದ್ದೂ ನೆನಪು. ಅಷ್ಟರಲ್ಲಿ ಅಮ್ಮ ಕಾಫಿಗೆ ಕರೆದಳು. ಒಟ್ಟು ಆರು ಕೊಡ, ಒಂದು ಗಂಟೆ ಹತ್ತು ನಿಮಿಷ ಎಂದು ಹಾಳೆಯಲ್ಲಿ ಬರೆದದ್ದಂತೂ ಖಂಡಿತ. ಆ ಆರು ಕೊಡಗಳಲ್ಲಿ ನಾನು ಸೇದಿದ್ದು ಒಂದಾದರೂ ಇತ್ತೆ ಎಂಬುದಕ್ಕೆ ಹಾಳೆಯಲ್ಲಿ ಜಾಗವಿರಲಿಲ್ಲ.

ಕಾಫಿ ಕುಡಿಯುತ್ತ ಯಂತ್ರದ ಬಗ್ಗೆ ಅಮ್ಮನಿಗೆ ವಿವರಿಸಿದೆ. ಅವಳು ಕೊನೆಯವರೆಗೆ ಕೇಳಿ, ಲೋಟ ಕೆಳಗಿಟ್ಟಳು.

"ಉಂಡ ತಟ್ಟೆಗೂ ಬೇಯಿಸೋ ಪಾತ್ರೆಗೂ ಒಂದೇ ನೀರಾ?"

"ಹೂಂ, ಒಳಗೇ ಸುತ್ತುತ್ತೆ."

"ನಿನ್ನ ಎಂಜಲು ಸಾರಿನ ತಪ್ಪಲೇಗೆ ಬಳಿಯೋಕೆ ಮೆಷಿನ್ ಬೇರೆ ಬೇಕೇನೋ? ತಂದಿಡು. ಅದ್ರಲ್ಲಿ ತೊಳೆದಿದ್ದನ್ನ ನಾನು ಮುಟ್ಟಲ್ಲ."

ಹೆಂಡತಿ ಬಾಗಿಲಲ್ಲಿ ನಿಂತು ಒದ್ದೆ ಕೈ ಎತ್ತಿ ಹಿಡಿದುಕೊಂಡಿದ್ದಳು. ನಾನು ಅಮ್ಮನ ಜೊತೆ ವಾದ ಮಾಡಲಿಲ್ಲ. ಹಾಳೆಗೆ ಇನ್ನೊಂದು ಸಾಲು ಸೇರಿಸಿದೆ: ತಟ್ಟೆಗೆ ಒಂದು ಸಲ, ಪಾತ್ರೆಗೆ ಒಂದು ಸಲ, ಬೇರೆ ಬೇರೆ ಓಡಿಸಿದರೆ ನೀರೆಷ್ಟು? ಉತ್ತರ ಸಿಗಲು ಮತ್ತೆ ಬಂಗಲೆ, ಮತ್ತೆ ಅಡುಗೆಯವರು, ಮತ್ತೆ ಮೂರು ವಾರ.

ಆಮೇಲೆ ಮುದ್ದೆ ಪಾತ್ರೆಯ ಪರೀಕ್ಷೆ. ಇದನ್ನು ಮನೆಯಲ್ಲಿ ಈಗಲೂ ಹೇಳಿಸಿ ನಗುತ್ತಾರೆ, ಹಾಗಾಗಿ ಎಷ್ಟು ನಡೆದದ್ದು, ಎಷ್ಟು ಹೇಳಿ ಹೇಳಿ ಬೆಳೆದದ್ದು ಎಂದು ನನಗೆ ಗೊತ್ತಿಲ್ಲ. ವಿದೇಶದ ಯಂತ್ರಕ್ಕೆ ರಾಗಿ ಗೊತ್ತಿಲ್ಲ ಎಂಬ ಅನುಮಾನ ನನಗೆ ಬಂದದ್ದು ನಿಜ. ತಟ್ಟೆ ಲೋಟ ಯಾರು ಬೇಕಾದರೂ ತೊಳೆಯುತ್ತಾರೆ. ತಳ ಹಿಡಿದ ಮುದ್ದೆ ಪಾತ್ರೆ ತೊಳೆದರೆ ಯಂತ್ರ. ಒಂದು ಶನಿವಾರ, ಹಿಂದಿನ ರಾತ್ರಿಯ ಪಾತ್ರೆಯನ್ನು ನೆನೆಹಾಕದೆ ಹಾಗೇ ಬಿಡಿಸಿ, ತಳಕ್ಕೆ ಹತ್ತಿ ಒಣಗಿದ ಸೀಕಿನ ಸಮೇತ ಟವಲಿನಲ್ಲಿ ಸುತ್ತಿ ವೈರ್ ಬ್ಯಾಗಿಗೆ ಹಾಕಿದೆ.

"ಮುಸುರೆ ಪಾತ್ರೆ ತಗೊಂಡು ಬೆಂಗ್ಳೂರಿಗಾ! ಜನ ನೋಡಿದ್ರೆ ಏನಂದ್ಕೋತಾರೆ?" ಎಂದು ಇವಳು ಬಾಗಿಲವರೆಗೆ ಬಂದಳು.

ಜನ ನೋಡಿದರು. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ರಾಜಘಟ್ಟದ ರೈತರೊಬ್ಬರು ಯಲಹಂಕ ಬರುವ ಹೊತ್ತಿಗೆ ತಡೆಯಲಾರದೆ ಕೇಳಿದರು.

"ಏನ್ ಸ್ವಾಮಿ ಅದು, ಹುಳಿ ವಾಸನೆ?"

"ಮುದ್ದೆ ಪಾತ್ರೆ. ತೊಳೆಸೋಕೆ ತಗೊಂಡ್ಹೋಗ್ತಿದೀನಿ."

"ಬೆಂಗ್ಳೂರ್ಗೆ?"

"ಹೂಂ."

"ಯಾಕೆ, ನಮ್ಮ ಕಡೆ ನೀರೆಲ್ಲ ಬತ್ತೋಯ್ತಾ? ಮೊದ್ಲೇ ಹೇಳ್ಬಾರ್ದೇನಪ್ಪಾ, ನಮ್ಮನೇದೂ ಒಂದು ಕೊಡ್ತಿದ್ದೆ!"

ಬಸ್ಸು ನಕ್ಕಿತು. ನಾನೂ ನಕ್ಕೆ. ಪಾತ್ರೆ ತೊಡೆಯ ಮೇಲಿತ್ತು.

ಗುಂಡು ಮೆಷಿನ್ನಿನಲ್ಲಿ ಅದು ನಲವತ್ತು ನಿಮಿಷ ಸುತ್ತಿತು. ಮುಚ್ಚಳ ತೆಗೆದರೆ ಹಬೆ, ಹಬೆಯ ಕೆಳಗೆ ಪಾತ್ರೆ, ಪಾತ್ರೆಯ ತಳದಲ್ಲಿ ಗಾರೆ ಹಾಕಿದಂತೆ ಗಟ್ಟಿಯಾಗಿ ಕೂತ ರಾಗಿ. ಬಿಸಿನೀರಿಗೆ ಅದು ಇನ್ನೊಂದು ಸಲ ಬೆಂದಿತ್ತು. ಅಡುಗೆಯವರು ಬೆರಳಿನಿಂದ ತಟ್ಟಿ ನೋಡಿ, "ಒಂದು ಕೊಡಲಿ ಕೊಡ್ಲಾ ಸಾರ್?" ಎಂದರು. ಬೀರು ಮೆಷಿನ್ನಿಗೆ ಒಯ್ದೆವು. ಅಲ್ಲಿ ಅರ್ಧ ಸೀಕು ಬಿಟ್ಟಿತು. ಆದರೆ ಪಾತ್ರೆ ಒಳಗೂ ಹೊರಗೂ ಕಪ್ಪಾಗಿ ಹೊಗೆ ಹಿಡಿದ ಲಾಂದ್ರದ ಗಾಜಿನ ಬಣ್ಣಕ್ಕೆ ತಿರುಗಿತ್ತು. ಅಲ್ಯೂಮಿನಿಯಂ ಪಾತ್ರೆ, ನಮ್ಮ ಕಡೆ ಸಿಲ್ವರ್ ಎನ್ನುತ್ತೇವೆ. ಆ ಯಂತ್ರಕ್ಕೆ ಹಾಕುವ ಪುಡಿ ಸಿಲ್ವರಿಗೆ ಆಗುವುದಿಲ್ಲ ಎಂದು ಅಡುಗೆಯವರಿಗೆ ಗೊತ್ತಿತ್ತು. "ನೀವು ಕೇಳ್ಲಿಲ್ಲ ಸಾರ್, ನೀವು ಅಳತೆ ಕೇಳಿದ್ರಿ" ಎಂದರು.

ಸಂಜೆ ಮನೆಗೆ ಬಂದಾಗ ಇವಳು ಪಾತ್ರೆಯನ್ನು ಟವಲಿನಿಂದ ಬಿಚ್ಚಿ ಹಿತ್ತಲಿಗೆ ಒಯ್ದಳು. ಮಾರನೆಯ ದಿನದ ಮುದ್ದೆಗೆ ಅದು ಬೇಕಿತ್ತು. ಎರಡು ಯಂತ್ರ ಸೇರಿ ಕೆಡಿಸಿದ್ದನ್ನು ಬೂದಿ ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದಳು. ನಾನು ಒಳಗೆ ಕೂತು ಹಾಳೆಯಲ್ಲಿ ಬರೆದೆ: ಮುದ್ದೆ ಪಾತ್ರೆ, ಗುಂಡು ಇಲ್ಲ, ಬೀರು ಅರ್ಧ. ನಾರಿನ ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು.

ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನನಗೆ ಆ "ಅರ್ಧ" ಎಂಬ ಮಾತು ಬಲವಾಗಿ ಹಿಡಿಯಿತು. ಅರ್ಧ ತೊಳೆದ ಯಂತ್ರ ಪೂರ್ತಿ ತೊಳೆಯುವಂತೆ ಮಾಡಬಹುದು. ಸಿಲ್ವರ್ ಬದಲು ಸ್ಟೀಲು ತರಬಹುದು. ಸೀಕನ್ನು ಮೊದಲೇ ನೆನೆಸಬಹುದು. ಉಳಿದದ್ದು ನೀರಿನ ಒತ್ತಡ. ನಲ್ಲಿಯಿಲ್ಲದ ಮನೆಗೆ ಒತ್ತಡ ಎಲ್ಲಿಂದ? ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಒಂದು ನಕ್ಷೆ ತೆಗೆದೆ. ಹಿತ್ತಲ ಗೋಡೆಯ ಮೇಲೆ ಕಬ್ಬಿಣದ ಕಟ್ಟು, ಅದರ ಮೇಲೆ ಡ್ರಮ್ಮು, ಅಲ್ಲಿಂದ ಇಳಿಯುವ ಪೈಪು, ಪಕ್ಕದಲ್ಲಿ ಏಣಿ. ನನ್ನ ಜೀವಮಾನದಲ್ಲಿ ತೆಗೆದ ಅಂದವಾದ ನಕ್ಷೆಗಳಲ್ಲಿ ಅದೊಂದು. ಮನೆಗೆ ತಂದು ಇವಳ ಮುಂದೆ ಹರಡಿದೆ. ಅವಳು ಬಗ್ಗಿ ನೋಡಿದಳು. ಚಿಂದಿ ಸುತ್ತಿದ ಬೆರಳನ್ನು ಏಣಿಯ ಮೇಲಿಟ್ಟಳು.

"ಈ ಏಣಿ ಯಾತಕ್ಕೆ?"

"ಡ್ರಮ್ಮಿಗೆ ನೀರು ತುಂಬೋಕೆ."

"ಯಾರು ಹತ್ತೋದು?"

ನಕ್ಷೆಯಲ್ಲಿ ಏಣಿಗೆ ಮೆಟ್ಟಿಲೆಷ್ಟು, ಎರಡು ಮೆಟ್ಟಿಲ ನಡುವೆ ಎಷ್ಟು ಇಂಚು ಎಂದೆಲ್ಲ ಬರೆದಿದ್ದೆ. ಹತ್ತುವವರು ಇರಲಿಲ್ಲ.

ನನ್ನ ಗೆಳೆಯನಿಗೆ ಇದನ್ನೂ ಹೇಳಿದೆ. ಅವನು ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಲೇ, ನಿಮ್ಮನೇಲಿ ಎಷ್ಟು ಗಂಡಸರು?"

"ನಾಲ್ಕು. ನಾನು, ಮೂವರು ತಮ್ಮಂದಿರು."

"ನಾಲ್ಕು ಮೆಷಿನ್ ಆಗ್ಲೇ ಇದಾವಲ್ಲೋ ಗುರು. ಕರೆಂಟ್ ಬೇಡ, ಪೈಪ್ ಬೇಡ, ಏಣೀನೂ ತಾವೇ ಹತ್ತುತ್ವೆ. ರಿಪೇರಿ ಮಾಡ್ಸಿ ಉಪಯೋಗ್ಸ್ಕೋ."

ಇಡೀ ಸಾಲಿನ ಬೋರ್ಡುಗಳು ನಕ್ಕವು. ಸಂಜೆ ಊಟಕ್ಕೆ ಕೂತಾಗ ಈ ತಮಾಷೆಯನ್ನು ಮನೆಯಲ್ಲೂ ಹೇಳಿದೆ. ತಮ್ಮಂದಿರು ಕೈಯಲ್ಲಿ ತುತ್ತು ಹಿಡಿದುಕೊಂಡೇ ನಕ್ಕರು. ಅಮ್ಮ "ಥೂ, ಗಂಡಸರು ಮುಸುರೆ ಮುಟ್ಟಿದ್ರೆ ಮನೆಗೆ ದರಿದ್ರ" ಎಂದು ತಾನೂ ನಕ್ಕಳು. ಇವಳು ಬಡಿಸುತ್ತಿದ್ದಳು. ಇವಳೂ ನಕ್ಕಳು ಎಂದು ನಾನು ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೇನೆ. ಯೋಚಿಸಿ ನೋಡಿದರೆ, ಅವಳು ನನ್ನ ಬೆನ್ನ ಹಿಂದೆ ಇದ್ದಳು. ಅವಳ ಮುಖ ನನಗೆ ಕಾಣುವಂತಿರಲಿಲ್ಲ. ಊಟವಾದ ಮೇಲೆ ನಾವು ನಾಲ್ವರೂ ಕೈ ತೊಳೆದು ಎದ್ದೆವು. ತಟ್ಟೆಗಳು ಅಲ್ಲೇ ಇದ್ದವು.

ಇಷ್ಟರಲ್ಲಿ ಗುಂಡು ಮೆಷಿನ್ನು ಹೋಯಿತು. ಯಾವುದೋ ನರ್ಸಿಂಗ್ ಹೋಮಿನವರು ಒಯ್ದರಂತೆ. ಅಡುಗೆಯವರು ಬೇಸರದಿಂದ ಸುದ್ದಿ ಕೊಟ್ಟಾಗ ನನಗೆ ನಿರಾಳವಾಯಿತು. ಇನ್ನು ಆರಿಸುವ ಕಷ್ಟವಿಲ್ಲ, ಬೀರುವೇ ಗತಿ, ಅದಕ್ಕೆ ಇನ್ನೂ ಸಮಯವಿದೆ. ಆ ನಿರಾಳವನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಬೀರು ಮೆಷಿನ್ನೂ ನಮ್ಮ ಮನೆಗೆ ಬರಲಿಲ್ಲ. ಆ ಸಂಸಾರ ಹೋಗುವಾಗ ಅದನ್ನು ಮರದ ಪೆಟ್ಟಿಗೆಯಲ್ಲಿ ಕಟ್ಟಿಸಿ ಹಡಗಿಗೆ ಹಾಕಿ ತನ್ನ ಜೊತೆಗೇ ಒಯ್ದಿತು. ಆದರೆ ಅಷ್ಟು ಹೊತ್ತಿಗೆ ನಮಗೆ ಅದರ ಅಗತ್ಯ ಮುಗಿದಿತ್ತು.

ಮುಗಿದ ದಿನ ಒಂದು ಭಾನುವಾರ. ಮದುವೆಗಳ ಕಾಲ ಹತ್ತಿರವಾಗಿ ಮಗ್ಗಗಳಿಗೆ ಬಿಡುವಿರಲಿಲ್ಲ. ಯಜಮಾನರ ಮೂರು ಮಗ್ಗಕ್ಕೂ ಒಟ್ಟಿಗೇ ಹೊಸ ಹಾಸು ಬಂದಿತ್ತು. ಕೆಚ್ಚುವವರು ಸಾಲದೆ, "ಕೈ ವಾಸಿಯಾಗಿದ್ರೆ ಬರಹೇಳಿ" ಎಂದು ನಮ್ಮ ಮನೆಗೂ ಹೇಳಿ ಕಳಿಸಿದರು. ಬಿರುಕುಗಳು ನಿಜಕ್ಕೂ ಮುಚ್ಚಿದ್ದವು. ರಕ್ತ ಬರುತ್ತಿರಲಿಲ್ಲ, ಹುಳಿ ತಾಗಿದರೆ ಉರಿಯುತ್ತಿರಲಿಲ್ಲ. ವಾಸಿಯಾಯಿತೆಂದೇ ನಾವೆಲ್ಲ ತಿಳಿದದ್ದು. ಇವಳೂ ತಿಳಿದಿದ್ದಳೋ ಏನೋ. ಹಿಂದಿನ ದಿನವೆಲ್ಲ ಬೆರಳಿಗೆ ಕೊಬ್ಬರಿ ಎಣ್ಣೆ ತೀಡಿಕೊಂಡಿದ್ದಳು, ಬೆಳಗ್ಗೆ ಕಡಲೆಹಿಟ್ಟು ಹಚ್ಚಿ ಎಣ್ಣೆ ತೆಗೆದಿದ್ದಳು. ಬೆಳಗಿನ ಪಾತ್ರೆಗಳನ್ನು ಹಾಗೇ ಬಿಟ್ಟು ಹೋದಳು. ಅಮ್ಮ ಅಂದು ಏನೂ ಅನ್ನಲಿಲ್ಲ.

ಹನ್ನೊಂದು ಗಂಟೆಗೆಲ್ಲ ವಾಪಸು ಬಂದಳು. ಹಾಗೆ ಹೋದವಳು ಸಂಜೆಯವರೆಗೂ ಬರುತ್ತಿರಲಿಲ್ಲ. ನಾನು ಪಡಸಾಲೆಯಲ್ಲಿ ಕೂತಿದ್ದೆ.

"ಏನಾಯ್ತು? ಮತ್ತೆ ಬಿರಿದುಕೊಂಡ್ತಾ?"

"ಇಲ್ಲ."

"ನೋವಾ?"

"ನೋವಾಗಿದ್ರೆ ಚೆನ್ನಾಗಿತ್ತು. ಎಳೆ ಗೊತ್ತಾಗ್ತಾ ಇಲ್ಲ ರೀ. ಬೆರಳ ಮಧ್ಯೆ ಇದೆ ಅಂತ ಹೊಸೀತೀನಿ, ಇರೋದೇ ಇಲ್ಲ. ಇಲ್ಲ ಅಂದ್ಕೊಂಡ್ರೆ ಎರಡೆರಡು ಇರುತ್ತೆ."

ಇವಳು ಕೂಡಿಸಿದ ಎಳೆಗಳನ್ನು ಯಜಮಾನರು ಮೆಲ್ಲಗೆ ಎಳೆದು ನೋಡಿದರಂತೆ. ಹತ್ತರಲ್ಲಿ ನಾಲ್ಕು ಬಿಟ್ಟುಕೊಂಡವು. ಇವಳು ಕಿಟಕಿಯ ಕಡೆ ನೋಡುವುದು ಬಿಟ್ಟು, ಬಗ್ಗಿ, ಕಣ್ಣಿನಿಂದಲೇ ಕೆಚ್ಚಲು ನೋಡಿದಳು. ಸಾಲು ತಪ್ಪಿತು. "ಪರವಾಗಿಲ್ಲ ಬಿಡಮ್ಮ" ಎಂದು ಅವರು ತಮ್ಮ ಸೊಸೆಯನ್ನು ಕೂರಿಸಿದರು. ಆ ಹುಡುಗಿಗೆ ಕೆಚ್ಚುವುದನ್ನು ಕಲಿಸಿದ್ದು ಇವಳೇ. ಕುಂಕುಮ ಕೊಟ್ಟು, ಬಾಳೆಹಣ್ಣು ಕೊಟ್ಟು ಕಳಿಸಿದರು.

ಇಷ್ಟನ್ನು ಹೇಳುವಾಗ ಅವಳು ಅತ್ತಳು ಎಂದು ನನ್ನ ನೆನಪು. ಅವಳು ಅದನ್ನು ಒಪ್ಪುವುದಿಲ್ಲ. ಬಾಳೆಹಣ್ಣನ್ನು ಮಗುವಿಗೆ ಕೊಟ್ಟು ಸೀದಾ ಹಿತ್ತಲಿಗೆ ಹೋದೆ ಎನ್ನುತ್ತಾಳೆ. ಹಿತ್ತಲಿಗೆ ಹೋದದ್ದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಬೆಳಗಿನ ಪಾತ್ರೆಗಳು ಚಪ್ಪಡಿಯ ಮೇಲೆ ಬಿಸಿಲಿಗೆ ಒಣಗಿ ಕೂತಿದ್ದವು. ನಾನು ಅವಳ ಹಿಂದೆಯೇ ಹೋದೆ. ಅವಳು ಒಂದು ತಟ್ಟೆ ಎತ್ತಿಕೊಳ್ಳುವಷ್ಟರಲ್ಲಿ ನಾನು ಅದನ್ನು ಹಿಡಿದುಕೊಂಡೆ.

"ಕೊಡು ಇಲ್ಲಿ. ನಾನು ತೊಳೀತೀನಿ."

ಅವಳು ತಟ್ಟೆ ಬಿಡಲಿಲ್ಲ, ಎಳೆದುಕೊಳ್ಳಲೂ ಇಲ್ಲ. ಅವಳ ಮುಖದಲ್ಲಿ ಕೋಪವಿರಲಿಲ್ಲ. ಇಲ್ಲಿ ಮಾತ್ರ ನನ್ನ ನೆನಪನ್ನು ನಂಬುತ್ತೇನೆ, ಯಾಕೆಂದರೆ ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಈಗ್ಯಾಕ್ರೀ?" ಎಂದಳು. "ಇನ್ನು ಈ ಕೈನ ಯಾವ್ದಕ್ಕೆ ಅಂತ ಜೋಪಾನ ಮಾಡೋದು?"

ಅಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಅವಳು ಏನಾದರೂ ಅಂದಳೋ, ಸುಮ್ಮನೆ ನಿಂತಿದ್ದಳೋ ತಿಳಿಯದು.

ಮುಂದಿನದನ್ನು ನಾನು ಮಕ್ಕಳಿಗೆ ಒಂದು ರೀತಿ ಹೇಳುತ್ತ ಬಂದಿದ್ದೇನೆ. ಆ ದಿನ ಅಮ್ಮನ ಎದುರೇ ಪಂಚೆ ಎತ್ತಿಕಟ್ಟಿ, ಕಲ್ಲಿನ ಮುಂದೆ ಕೂತು, ಏಳು ಜನರ ಪಾತ್ರೆಯನ್ನೂ ತೊಳೆದೆ, ಮುದ್ದೆ ಪಾತ್ರೆಯ ಸೀಕು ಉಗುರಿನ ಸಂದಿಗೆ ಹೋಗಿ ಎರಡು ದಿನ ನೋಯುತ್ತಿತ್ತು ಎಂದು. ಎಷ್ಟು ಸಲ ಹೇಳಿದ್ದೇನೆಂದರೆ ನಾರಿನ ಒರಟು ಈಗಲೂ ಅಂಗೈಯಲ್ಲಿ ತಿಳಿಯುತ್ತದೆ, ಆ ಉಗುರು ಯಾವುದೆಂದು ತೋರಿಸಬಲ್ಲೆ.

ಇದನ್ನು ಬರೆದು ಇಲ್ಲಿಯವರೆಗೆ ಅವಳಿಗೆ ಓದಿ ಹೇಳಿದೆ. ಅವರೆಕಾಯಿ ಸುಲಿಯುತ್ತ ಕೇಳಿದಳು. ಉಗುರಿನ ವಿಷಯಕ್ಕೆ ಬಂದಾಗ ಕೈ ನಿಲ್ಲಿಸಿದಳು.

"ನೀವು ತಟ್ಟೆ ಬಿಟ್ಬಿಟ್ರಿ" ಎಂದಳು. "ತೊಳೆದಿದ್ರೆ ನಂಗೆ ನೆನಪಿರ್ತಿತ್ತು."